ನೆಲದ ಮೇಲೆ ಸೋತ ವಿಮಾನಗಳು: ಅರ್ಜನ್ ಸಿಂಗ್ ಅವರ 1965ರ ಯುದ್ಧ

ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಹತ್ತು ಕಿಲೋಮೀಟರಿನಷ್ಟು ಹೋದರೆ ಸಾಂಬ್ರಾ. ಅಲ್ಲಿನ ವಿಮಾನ ನಿಲ್ದಾಣವನ್ನು 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿತು. ಬರ್ಮಾ ಗಡಿಯಲ್ಲಿ ಜಪಾನಿಯರ ವಿರುದ್ಧ ನಡೆದಿದ್ದ ಯುದ್ಧಕ್ಕೆ ಇದು ಮುಂಚೂಣಿಯ ಹಿಂದಿದ್ದ ತರಬೇತಿ ನೆಲೆ. ಈಗ ಅಲ್ಲೇ ಭಾರತೀಯ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ ಇದೆ. ಅಗ್ನಿವೀರ್ ವಾಯು ಆಗಿ ಸೇರಿದವರ ಮೊದಲ ಹಂತದ ತರಬೇತಿಯೂ ಇಲ್ಲೇ. 2023ರಿಂದ ಹುಡುಗಿಯರೂ ಇಲ್ಲಿಂದ ಪರೇಡ್ ಮುಗಿಸಿ ಹೊರಬೀಳುತ್ತಿದ್ದಾರೆ. ಪೈಲಟ್ ಆಗುವವರು ಕಲಿಯುವ ಜಾಗ ಇದಲ್ಲ. ಎಂಜಿನ್, ರೇಡಿಯೊ, ಗನ್ನು, ಬಾಂಬು, ಇಂಧನ ನೋಡಿಕೊಳ್ಳುವ ಕೈಗಳು ಇಲ್ಲಿ ತಯಾರಾಗುತ್ತವೆ. ಮುಂದಿನ ಕಥೆಯಲ್ಲಿ ನೆಲದ ಮೇಲಿನ ಆ ಕೆಲಸಕ್ಕೂ ದೊಡ್ಡ ಪಾಲಿದೆ.

1965ರ ಪಾಕಿಸ್ತಾನ ಯುದ್ಧದಲ್ಲಿ ನಮ್ಮ ವಾಯುಪಡೆಯ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಅವರ ಹೆಸರು ಬಂದಾಗ ನಮ್ಮವರು ಆಕಾಶದ ಕಾಳಗಗಳನ್ನೇ ನೆನೆಯುತ್ತಾರೆ. ನಮ್ಮ ಪುಟ್ಟ ನ್ಯಾಟ್ ವಿಮಾನ ಪಾಕಿಸ್ತಾನದ ಸೇಬರ್ ಜೆಟ್ ಅನ್ನು ಬೀಳಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ 1965ರಲ್ಲಿ ಭಾರತ ಕಳೆದುಕೊಂಡ ವಿಮಾನಗಳಲ್ಲಿ ದೊಡ್ಡ ಪಾಲು ನೆಲದ ಮೇಲೆ ನಿಂತಲ್ಲೇ ಸುಟ್ಟುಹೋದವು. ಅದು ಯಾಕಾಯಿತು, ಆಮೇಲೆ ಏನು ಬದಲಾಯಿತು ಎಂಬುದನ್ನು ತಿಳಿಯದೆ ಅವರ ಐದು ವರ್ಷಗಳ ನಾಯಕತ್ವವನ್ನು ಸರಿಯಾಗಿ ತೂಗಲಾಗದು.

ಅರ್ಜನ್ ಸಿಂಗ್ ಹುಟ್ಟಿದ್ದು 1919ರ ಏಪ್ರಿಲ್ 15ರಂದು, ಈಗ ಪಾಕಿಸ್ತಾನದಲ್ಲಿರುವ ಲಾಯಲ್‌ಪುರದಲ್ಲಿ. 1938ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿಗೆ ಆಯ್ಕೆಯಾಗಿ, ಮರುವರ್ಷ ಡಿಸೆಂಬರಿನಲ್ಲಿ ಪೈಲಟ್ ಆಫೀಸರ್ ಆದರು. ವಾಯವ್ಯ ಗಡಿ ಪ್ರಾಂತದಲ್ಲಿ ಒಂದರ ಮೇಲೊಂದು ರೆಕ್ಕೆಯಿದ್ದ ಹಳೆಯ ವಿಮಾನ ಹಾರಿಸುತ್ತಿದ್ದಾಗ ಕೆಳಗಿನಿಂದ ಬಂದ ಗುಂಡು ತಗುಲಿ, ಬತ್ತಿದ ಹಳ್ಳದಲ್ಲಿ ವಿಮಾನ ಇಳಿಸಬೇಕಾಯಿತು.

ಅವರನ್ನು ರೂಪಿಸಿದ್ದು 1944ರ ಇಂಫಾಲ. ನಂಬರ್ 1 ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿ ಅವರು ಹರಿಕೇನ್ ವಿಮಾನಗಳೊಂದಿಗೆ ಅಲ್ಲಿದ್ದರು. ಕೆಲಸ ಬೇಹಿನದು. ಎರಡೆರಡು ವಿಮಾನ ಜೊತೆಯಾಗಿ ಮರಗಳ ತುದಿ ಸವರುವಷ್ಟು ಕೆಳಗೆ ಹಾರುವುದು. ಮುಂದಿನವನ ಕಣ್ಣು ಕಾಡಿನ ದಾರಿಯ ಮೇಲೆ, ಹಿಂದಿನವನ ಕಣ್ಣು ಆಕಾಶದ ಮೇಲೆ. ಕಂಡದ್ದನ್ನು ಇಳಿದ ಕೂಡಲೇ ಭೂಸೇನೆಗೆ ಒಪ್ಪಿಸಬೇಕು. ಜಪಾನಿಯರು ಸುತ್ತಲಿನ ರಸ್ತೆಗಳನ್ನು ಕಡಿದುಹಾಕಿದ್ದರಿಂದ ಅಲ್ಲಿನ ಸೇನೆಗೆ ಅಕ್ಕಿ, ಗುಂಡು, ಔಷಧ ಎಲ್ಲವೂ ವಿಮಾನದಿಂದಲೇ ಬರಬೇಕಿತ್ತು. ಆ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಇಂಫಾಲಕ್ಕೇ ಬಂದು ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಶೌರ್ಯ ಪದಕ ತೊಡಿಸಿದರು. ವಾಯುಪಡೆಯೂ ಭೂಸೇನೆಯೂ ಒಂದೇ ನಕ್ಷೆ ಮುಂದಿಟ್ಟುಕೊಂಡು ಕೂತರೆ ಏನು ಸಾಧ್ಯ ಎಂಬುದನ್ನು ಅವರು 25ನೇ ವಯಸ್ಸಿಗೇ ನೋಡಿದ್ದರು. ಇಪ್ಪತ್ತೊಂದು ವರ್ಷದ ಮೇಲೆ ಕಾಣದೆಹೋದದ್ದು ಅದೇ.

1947ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳ ಹಾರಾಟಕ್ಕೆ ಅವರದೇ ಮುಂದಾಳತ್ವ. 1964ರ ಆಗಸ್ಟ್ 1ರಂದು, 45ನೇ ವಯಸ್ಸಿನಲ್ಲಿ, ವಾಯುಪಡೆಯ ಮುಖ್ಯಸ್ಥರಾದರು.

ಅವರ ಕೈಗೆ ಬಂದದ್ದು ಬೆಳೆಯುತ್ತಿದ್ದ, ಆದರೆ ಹೊಂದಾಣಿಕೆಯಿಲ್ಲದ ಪಡೆ. 1962ರಲ್ಲಿ ಚೀನಾ ವಿರುದ್ಧ ದಾಳಿಯ ವಿಮಾನಗಳನ್ನು ಬಳಸಿರಲೇ ಇಲ್ಲ. ವ್ಯಾಂಪೈರ್, ತೂಫಾನಿ, ಮಿಸ್ಟೇರ್, ಹಂಟರ್, ನ್ಯಾಟ್, ಕ್ಯಾನ್‌ಬೆರಾ, ಹೊಸದಾಗಿ ಬಂದ ಬೆರಳೆಣಿಕೆಯ ಮಿಗ್-21 ಎಲ್ಲವೂ ಒಟ್ಟಿಗೇ ಇದ್ದವು. ಬ್ರಿಟನ್, ಫ್ರಾನ್ಸ್, ರಷ್ಯಾ ಮೂರು ದೇಶಗಳ ಸಾಮಾನು ಒಂದೇ ಸೂರಿನಡಿ! ಪ್ರತಿಯೊಂದಕ್ಕೂ ಬಿಡಿಭಾಗ ಬೇರೆ, ಗುಂಡು ಬೇರೆ, ಸ್ಟಾರ್ಟ್ ಮಾಡುವ ಕ್ರಮ ಬೇರೆ. ಒಂದು ಬಗೆಯ ವಿಮಾನ ಬೇರೊಂದು ನೆಲೆಯಲ್ಲಿ ಇಳಿದರೆ, ಅದನ್ನು ಮತ್ತೆ ಸಜ್ಜುಗೊಳಿಸಬಲ್ಲ ಏರ್‌ಮನ್ ಅಲ್ಲಿ ಇರಬೇಕಲ್ಲ?

1965ರ ಏಪ್ರಿಲ್‌ನಲ್ಲಿ ಕಛ್‌ನಲ್ಲಿ ಗುಂಡು ಹಾರಿದಾಗ ಎರಡೂ ಕಡೆಯ ವಾಯುಪಡೆ ಮುಖ್ಯಸ್ಥರು ಫೋನಿನಲ್ಲೇ ಮಾತಾಡಿಕೊಂಡು ವಿಮಾನಗಳನ್ನು ದೂರವಿಟ್ಟರು. ಆಚೆ ಇದ್ದವರು ಅಸ್ಗರ್ ಖಾನ್. ಜುಲೈನಲ್ಲಿ ಅವರ ಜಾಗಕ್ಕೆ ನೂರ್ ಖಾನ್ ಬಂದರು, ಆ ಮಾತಿನ ಎಳೆಯೂ ಕಡಿಯಿತು.

ಸೆಪ್ಟೆಂಬರ್ 1ರ ಬೆಳಗಿನ ಜಾವ ಪಾಕಿಸ್ತಾನದ ಟ್ಯಾಂಕುಗಳು ಜಮ್ಮುವಿನ ಛಂಬ್ ಕಡೆಯಿಂದ ಅಖ್ನೂರ್ ಸೇತುವೆಗೆ ಗುರಿಯಿಟ್ಟು ನುಗ್ಗಿದವು. ಆ ಸೇತುವೆ ಹೋದರೆ ಅದರಾಚೆಗಿದ್ದ ನಮ್ಮ ಸೇನೆಗೆ ದಾರಿ ಇಲ್ಲ. ವಾಯುಪಡೆಯ ನೆರವು ಬೇಕೆಂಬ ಕೋರಿಕೆ ಒಂದೊಂದೇ ಮೆಟ್ಟಿಲು ಹತ್ತಿ ದೆಹಲಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಅವರ ಕೊಠಡಿಯಲ್ಲಿ ಭೂಸೇನೆ ಮುಖ್ಯಸ್ಥ ಜನರಲ್ ಚೌಧುರಿ ನೆರವು ಕೇಳಿದರು. ಎಷ್ಟು ಹೊತ್ತಿನಲ್ಲಿ ಹೊರಡಬಹುದೆಂದು ಕೇಳಿದ್ದಕ್ಕೆ ಅರ್ಜನ್ ಸಿಂಗ್ ಒಂದು ಗಂಟೆಯೊಳಗೆ ಎಂದರು. ಸಂಜೆ ಐದು ದಾಟುತ್ತಿದ್ದಂತೆ ಪಂಜಾಬಿನ ಪಠಾಣ್‌ಕೋಟ್ ನೆಲೆಯಿಂದ ವ್ಯಾಂಪೈರ್‌ಗಳು ಏರಿಯೇಬಿಟ್ಟವು, ಅವುಗಳ ಬೆನ್ನಿಗೆ ಮಿಸ್ಟೇರ್‌ಗಳು.

ಕೊಟ್ಟ ಮಾತು ಉಳಿಯಿತು. ಅದಕ್ಕೆ ತೆತ್ತ ಬೆಲೆ ದೊಡ್ಡದು. ವ್ಯಾಂಪೈರ್ ಎರಡನೇ ಮಹಾಯುದ್ಧದ ಕೊನೆಗೆ ರೂಪುಗೊಂಡ ಜೆಟ್. ಸೇಬರ್ ಅದಕ್ಕಿಂತ ಗಂಟೆಗೆ 200 ಕಿಲೋಮೀಟರಿನಷ್ಟು ವೇಗಿ. ಆ ಸಂಜೆ ನಾಲ್ಕು ವ್ಯಾಂಪೈರ್ ನಾಶವಾದವು. ಹೊತ್ತು ಮುಳುಗುತ್ತಿತ್ತು, ದೂಳು ಎದ್ದಿತ್ತು, ಕೆಳಗಿನ ಟ್ಯಾಂಕು ಯಾರದೆಂದು ರೇಡಿಯೊದಲ್ಲಿ ಹೇಳಬಲ್ಲ ವಾಯುಪಡೆಯ ಅಧಿಕಾರಿ ಮುಂಚೂಣಿಯಲ್ಲಿ ಇರಲಿಲ್ಲ. ಹಾಗಾಗಿ ನಮ್ಮದೇ ಟ್ಯಾಂಕುಗಳ ಮೇಲೂ ಗುಂಡು ಬಿತ್ತು. ಇಂಫಾಲದಲ್ಲಿ ದಿನನಿತ್ಯದ ಕೆಲಸವಾಗಿದ್ದ ಸಂಪರ್ಕ ಇಲ್ಲಿ ಇರಲೇ ಇಲ್ಲ. ಎರಡು ಪಡೆಗಳು ಕೂತು ಯುದ್ಧದ ಯೋಜನೆಯನ್ನು ಒಟ್ಟಿಗೆ ಹೆಣೆದಿರಲಿಲ್ಲ, ಅದರ ಹೊಣೆಯಲ್ಲಿ ಇಬ್ಬರು ಮುಖ್ಯಸ್ಥರಿಗೂ ಪಾಲಿದೆ. ಆದರೂ ಪಾಕಿಸ್ತಾನದ ಮುನ್ನಡೆ ತಡವಾಯಿತು, ಅಖ್ನೂರ್ ಉಳಿಯಿತು. ಮರುದಿನದಿಂದಲೇ ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿ, ನ್ಯಾಟ್‌ಗಳನ್ನು ಪಠಾಣ್‌ಕೋಟ್‌ಗೆ ತರಲಾಯಿತು.

ನ್ಯಾಟ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ವಿಮಾನ. ಗಾತ್ರ ಎಷ್ಟು ಸಣ್ಣದೆಂದರೆ ಎದುರಾಳಿಯ ಕಣ್ಣಿಗೇ ಬೀಳುತ್ತಿರಲಿಲ್ಲ. ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ಅದರಲ್ಲೇ ಸೇಬರ್ ಒಂದಕ್ಕೆ ಗುಂಡಿಟ್ಟರು. ಅದರ ದೊಡ್ಡ ತೊಡಕು ಎರಡು 30 ಮಿಲಿಮೀಟರ್ ಏಡನ್ ಗನ್‌ಗಳದು. ಬಿಗಿಯಾದ ತಿರುವಿನಲ್ಲಿ ಗುಂಡಿನ ಪಟ್ಟಿ ಸಿಕ್ಕಿಕೊಂಡು ಗನ್ ನಿಂತುಬಿಡುತ್ತಿತ್ತು. ಗುರಿ ಸಿಕ್ಕರೂ ಗುಂಡು ಹಾರದೆ ಪೈಲಟ್‌ಗಳು ಬರಿಗೈಲಿ ಮರಳಿದ್ದುಂಟು. ಪಟ್ಟಿಯ ಪ್ರತಿ ಕೊಂಡಿಯನ್ನೂ ಕೈಯಿಂದ ಸವರಿ ನೋಡಿ ತುಂಬುವ ಆರ್ಮರರ್‌ನ, ಅಂದರೆ ಗನ್ನು-ಗುಂಡು ನೋಡಿಕೊಳ್ಳುವ ಏರ್‌ಮನ್‌ನ ತಾಳ್ಮೆ ಎಷ್ಟು ಮುಖ್ಯ ಎಂಬುದು ಇಲ್ಲಿ ತಿಳಿಯುತ್ತದೆ. ಹಂಟರ್‌ನಲ್ಲಿ ಈ ಕೆಲಸ ಹಗುರ. ನಾಲ್ಕು ಗನ್, ಅವುಗಳ ಗುಂಡಿನ ಪೆಟ್ಟಿಗೆ ಎಲ್ಲ ಸೇರಿ ಒಂದೇ ಪ್ಯಾಕ್. ನಳಿಗೆಗಳನ್ನು ವಿಮಾನದಲ್ಲೇ ಬಿಟ್ಟು, ಖಾಲಿ ಪ್ಯಾಕನ್ನು ವಿಂಚಿನಿಂದ ಕೆಳಗಿಳಿಸಿ, ಮೊದಲೇ ತುಂಬಿಟ್ಟ ಇನ್ನೊಂದನ್ನು ಮೇಲೆತ್ತಿ ಕೂರಿಸಿದರೆ ಮುಗಿಯಿತು. ಆ ಹೊತ್ತಿಗೆ ಇಂಧನವೂ ಆಮ್ಲಜನಕವೂ ತುಂಬಿರುತ್ತಿದ್ದವು.

ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರ್ ಕಡೆ ಗಡಿ ದಾಟಿತು. ಅದೇ ಸಂಜೆ ಎಂಟು ಸೇಬರ್‌ಗಳು ಪಠಾಣ್‌ಕೋಟ್ ಮೇಲೆ ಎರಗಿದವು. ಆ ಗಳಿಗೆಯಲ್ಲಿ ನೆಲೆಯ ಮೇಲೆ ಕಾವಲು ಹಾರಾಟ ಇರಲಿಲ್ಲ. ದಾಳಿ ಮುಗಿಸಿ ಇಳಿದ ವಿಮಾನಗಳು ಬಯಲಲ್ಲಿ ನಿಂತಿದ್ದವು, ಇಂಧನ ತುಂಬುವ ಕೆಲಸ ನಡೆದಿತ್ತು. ಹತ್ತು ವಿಮಾನಗಳು ನಾಶವಾದವು, ಅವುಗಳಲ್ಲಿ ಎರಡು ಅಮೂಲ್ಯ ಮಿಗ್-21. ಮರುದಿನ ಬಂಗಾಳದ ಕಲೈಕುಂಡದಲ್ಲೂ ಇದೇ ಕಥೆ. ಢಾಕಾದಿಂದ ಬಂದ ಸೇಬರ್‌ಗಳು ಸಾಲಾಗಿ ನಿಂತಿದ್ದ ಕ್ಯಾನ್‌ಬೆರಾ, ವ್ಯಾಂಪೈರ್‌ಗಳನ್ನು ಸುಟ್ಟವು. ಅವು ಮತ್ತೆ ಬಂದಾಗ ಮಾತ್ರ ಹಂಟರ್‌ಗಳು ಅಡ್ಡಗಟ್ಟಿದವು. ಆಲ್ಫ್ರೆಡ್ ಕುಕ್ ಹೆಸರಾದದ್ದು ಆ ಕಾಳಗದಲ್ಲಿ.

ಯಾಕೆ ಹೀಗಾಯಿತು? ಕೆಳಗೆ ಹಾರಿ ಬರುವ ವಿಮಾನವನ್ನು ಆಗಿನ ರೇಡಾರ್ ದೂರದಿಂದ ಹಿಡಿಯುತ್ತಿರಲಿಲ್ಲ. ಎಚ್ಚರಿಕೆಯ ಗಂಟೆಗೂ ಗುಂಡಿಗೂ ನಡುವೆ ಸಿಗುತ್ತಿದ್ದುದು ಕೆಲವೇ ನಿಮಿಷ. ಒತ್ತೊತ್ತಾಗಿ ನಿಲ್ಲಿಸಿದ ವಿಮಾನಗಳಲ್ಲಿ ಒಂದರ ಟ್ಯಾಂಕ್ ಹೊತ್ತಿದರೆ ಉರಿಯುವ ಇಂಧನ ಬಣವೆಯಿಂದ ಬಣವೆಗೆ ಬೆಂಕಿ ಹತ್ತಿದಂತೆ ಪಕ್ಕದ್ದಕ್ಕೆ ಹಬ್ಬುತ್ತದೆ. ಹೊಳೆಯುವ ಲೋಹದ ಮೈ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ದೂರ ದೂರ ನಿಲ್ಲಿಸೋಣವೆಂದರೆ ಇಂಧನದ ಗಾಡಿ, ಗುಂಡಿನ ಟ್ರಾಲಿ ಓಡಾಡುವ ದೂರ ಹೆಚ್ಚಿ ಮುಂದಿನ ಹಾರಾಟ ತಡವಾಗುತ್ತದೆ. ತಡವಾಗಬಾರದೆಂದು ಹತ್ತಿರ ನಿಲ್ಲಿಸಿದ್ದೇ ಮುಳುವಾಯಿತು.

ಅದೇ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮವರ ಪ್ರತಿದಾಳಿ. ಅರ್ಜನ್ ಸಿಂಗ್ ಒಮ್ಮೆ ಮುನ್ನಡೆಸಿದ್ದ ನಂಬರ್ 1 ಸ್ಕ್ವಾಡ್ರನ್ನೇ ಆದಂಪುರದಿಂದ ಮಿಸ್ಟೇರ್‌ಗಳಲ್ಲಿ ನಸುಕಿಗೆ ಮುಂಚೆ ಹೊರಟಿತ್ತು. ಅದರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಇದ್ದರು. ಯಾರಾದರೂ ಹಿಂದುಳಿದರೆ ಮಾತ್ರ ಸೇರಿಕೊಳ್ಳಬೇಕಾದ ಮೀಸಲು ಪೈಲಟ್ ಅವರು. ತಮಗಿಂತ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ಅಲ್ಲೇ ಪ್ರಾಣ ಬಿಟ್ಟರು. ಪಾಕಿಸ್ತಾನದ ಕಡೆಯ ವಿವರಗಳು ಹೊರಬರುವ ತನಕ ಈ ಸಾಹಸ ಭಾರತಕ್ಕೆ ಗೊತ್ತಿರಲಿಲ್ಲ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷ ಕಾದ ಪದಕ ಅದು, ನಾಡಿನ ಪ್ರತಿ ಶಾಲೆಯ ಮಕ್ಕಳಿಗೂ ಅವರ ಹೆಸರು ಗೊತ್ತಿರಬೇಕು.

ಸೆಪ್ಟೆಂಬರ್ 23ರಂದು ಕದನವಿರಾಮವಾಯಿತು. 1966ರ ಜನವರಿಯಲ್ಲಿ ಅರ್ಜನ್ ಸಿಂಗ್ ಭಾರತದ ಮೊದಲ ಏರ್ ಚೀಫ್ ಮಾರ್ಷಲ್ ಆದರು. ನಿಜವಾದ ಕೆಲಸ ಆಮೇಲಿನದು. ಗಡಿಯ ನೆಲೆಗಳಲ್ಲಿ ವಿಮಾನಕ್ಕೊಂದರಂತೆ ಮೂರು ಬದಿ ಗೋಡೆಯ ಗೂಡುಗಳು ಎದ್ದವು, ಮುಂದೆ ಅವಕ್ಕೆ ಕಾಂಕ್ರೀಟ್ ಚಾವಣಿ ಬಂತು. ಒಂದು ಗೂಡಿನ ಸ್ಫೋಟ ಪಕ್ಕದ್ದನ್ನು ತಟ್ಟದಷ್ಟು ಅಂತರ, ಗೂಡಿನ ಬಾಯಿಗೆ ಮರೆಮಾಚುವ ಬಲೆ, ವಿಮಾನದ ಮೈಗೆ ಹಸಿರು–ಕಂದು ಬಣ್ಣ. 1969ರ ಜುಲೈನಲ್ಲಿ ಅವರು ನಿವೃತ್ತರಾದಾಗ ವಯಸ್ಸು 50.

ಅವರ ನಂತರ ಬಂದ ಪ್ರತಾಪಚಂದ್ರ ಲಾಲ್ 1965ರಲ್ಲಿ ಉಪಮುಖ್ಯಸ್ಥರಾಗಿ ಎಲ್ಲವನ್ನೂ ಹತ್ತಿರದಿಂದ ಕಂಡವರು, ನಡುವೆ ಎಚ್‌ಎಎಲ್ ಅಧ್ಯಕ್ಷರೂ ಆಗಿದ್ದವರು. ಭೂಸೇನೆಯೊಂದಿಗಿನ ಸಂಪರ್ಕವನ್ನು ಅವರು ತಿದ್ದಿ ಬಿಗಿಗೊಳಿಸಿದರು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಅಮೃತಸರ, ಪಠಾಣ್‌ಕೋಟ್, ಶ್ರೀನಗರ, ಅಂಬಾಲಾ, ಆಗ್ರಾ ನೆಲೆಗಳ ಮೇಲೆ ಎರಗಿತು. ರನ್‌ವೇಗಳಲ್ಲಿ ಗುಂಡಿಗಳು ಬಿದ್ದವು, ರಾತ್ರಿಯೊಳಗೆ ಅವನ್ನು ಮುಚ್ಚಲಾಯಿತು. ಗೂಡುಗಳೊಳಗಿದ್ದ ವಿಮಾನಗಳು ಉಳಿದವು, ಅದೇ ರಾತ್ರಿ ಕ್ಯಾನ್‌ಬೆರಾಗಳು ಪ್ರತಿದಾಳಿಗೆ ಹೊರಟವು.

ಅರ್ಜನ್ ಸಿಂಗ್ ಮುಂದೆ ಸ್ವಿಟ್ಜರ್‌ಲೆಂಡ್, ಕೀನ್ಯಾಗಳಲ್ಲಿ ರಾಯಭಾರಿಯಾದರು, 1989ರಲ್ಲಿ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಆದರು. 2002ರಲ್ಲಿ ಮಾರ್ಷಲ್ ಆಫ್ ದಿ ಏರ್‌ಫೋರ್ಸ್ ಪದವಿ ಸಂದಿತು. ಆ ಐದು ನಕ್ಷತ್ರದ ಪದವಿ ವಾಯುಪಡೆಯಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲ. 2017ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಅದಕ್ಕೂ ಮೊದಲೇ ತಮ್ಮ ಜಮೀನು ಮಾರಿ ಎರಡು ಕೋಟಿ ರೂಪಾಯಿಯ ಟ್ರಸ್ಟ್ ಕಟ್ಟಿಟ್ಟಿದ್ದರು. ಕಷ್ಟದಲ್ಲಿರುವ ನಿವೃತ್ತ ವಾಯುಪಡೆ ಸಿಬ್ಬಂದಿಗೂ ಅವರ ಮನೆಯವರಿಗೂ ನೆರವಾಗಲೆಂದು ಮೀಸಲಿಟ್ಟ ಹಣ ಅದು.