ಗ್ರಾಮಿಗೆ ಎಷ್ಟು ಅಂತ ಕೇಳುವ ಮೊದಲು

ಕಲ್ಲನ್ನು ಮೇಜಿನ ಮೇಲೆ ಇಡುವ ಮೊದಲೇ ಪ್ರಶ್ನೆ ಬರುತ್ತದೆ. "ಮೇಡಂ, ಗ್ರಾಮಿಗೆ ಎಷ್ಟು ಸಿಗಬಹುದು?" ಭೂವಿಜ್ಞಾನ ಕಲಿಸುವವಳು ನಾನು. ಮನೆಯಲ್ಲಿ ತಲೆಮಾರಿನಿಂದ ಇರುವ "ಉಲ್ಕೆ" ಹಿಡಿದು ಬರುವವರನ್ನು ಬರಿಗೈಲಿ ಕಳಿಸಲು ಮನಸ್ಸಾಗುವುದಿಲ್ಲ. ಆದರೆ 2025ರ ಜುಲೈ ನಂತರ ಈ ಪ್ರಶ್ನೆ ಜಾಸ್ತಿಯಾಗಿದೆ. ಆಗ ನ್ಯೂಯಾರ್ಕಿನ ಹರಾಜಿನಲ್ಲಿ ಮಂಗಳ ಗ್ರಹದ ಸುಮಾರು 25 ಕಿಲೋ ಕಲ್ಲು 53 ಲಕ್ಷ ಡಾಲರಿಗೆ ಹೋಯಿತು. ಸುದ್ದಿ ಓದಿದವರು ಅದನ್ನು ಗ್ರಾಮಿಗೆ ಭಾಗಿಸಿ, ತಮ್ಮ ಕಲ್ಲಿನ ತೂಕಕ್ಕೆ ಗುಣಿಸಿಕೊಂಡೇ ಬರುತ್ತಾರೆ.

ಚಿನ್ನಕ್ಕೆ ದಿನದ ರೇಟು ಇದೆ, ತೂಕ ಹಾಕಿದರೆ ಲೆಕ್ಕ ಮುಗಿಯಿತು. ಉಲ್ಕಾಶಿಲೆಗೆ ಆ ಲೆಕ್ಕ ನಡೆಯುವುದಿಲ್ಲ. ಭೂಮಿಗೆ ಬೀಳುವುದರಲ್ಲಿ ಬಹುಪಾಲು ಸಾಮಾನ್ಯ ಕಾಂಡ್ರೈಟ್ ಎಂಬ ಜಾತಿ. ಚಂದ್ರ, ಮಂಗಳದಿಂದ ಬಂದವು ತೀರಾ ಅಪರೂಪ. ಒಂದೇ ತೂಕದ ಎರಡು ಕಲ್ಲುಗಳ ನಡುವೆ ಬೆಲೆ ನೂರು ಪಟ್ಟು ಬೇರೆಯಾಗಬಹುದು. ಆ ಜಾತಿ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಪ್ರಯೋಗಾಲಯದಲ್ಲಿ ತೆಳು ಪದರ ಕೊಯ್ದು ನೋಡಬೇಕು, ಖನಿಜಗಳನ್ನು ಅಳೆಯಬೇಕು. 20 ಗ್ರಾಂ ಅಥವಾ ಒಟ್ಟು ತೂಕದ ಶೇ 20, ಯಾವುದು ಕಡಿಮೆಯೋ ಅಷ್ಟು ಮಾದರಿ ಒಂದು ಸಂಸ್ಥೆಯಲ್ಲಿ ಉಳಿಯಬೇಕು. ಆಮೇಲೆ ಉಲ್ಕಾಶಿಲೆ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿಯ ಸಮಿತಿ ಅದಕ್ಕೊಂದು ಹೆಸರು ಒಪ್ಪುತ್ತದೆ. ಅಲ್ಲಿಯವರೆಗೆ ಯಾರು ಬೆಲೆ ಹೇಳಿದರೂ ಅದು ಬಾಯಿಮಾತು. ಮತ್ತೆ ಹೇಳುತ್ತೇನೆ: ಮೊದಲು ಅದು ಉಲ್ಕಾಶಿಲೆ ಹೌದಾ, ಆಮೇಲೆ ಯಾವ ಜಾತಿ, ಆಮೇಲೆ ಬೆಲೆ. ಈ ಸಾಲು ತಿರುವುಮುರುವು ಮಾಡಬೇಡಿ.

ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬರು ಸುಮಾರು 10 ಕಿಲೋ ಕಲ್ಲನ್ನು 30 ವರ್ಷ ಬಾಗಿಲಿಗೆ ಒತ್ತುಗಲ್ಲಾಗಿ ಇಟ್ಟಿದ್ದರು. 2018ರಲ್ಲಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಾಯಿತು. ಕಬ್ಬಿಣದ ಜೊತೆ ಶೇ 12ರಷ್ಟು ನಿಕ್ಕಲ್ ಸಿಕ್ಕಿತು, ಉಲ್ಕಾಶಿಲೆಯೇ ಎಂದು ಖಚಿತವಾಯಿತು. ಲಕ್ಷ ಡಾಲರಿನ ಅಂದಾಜು ಬಂದದ್ದು ಅದಾದ ಮೇಲೆ.

ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಹೆಮಟೈಟ್, ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು, ಇಲ್ಲವೇ ಹಳೆಯ ಕುಲುಮೆಯ ಕಿಟ್ಟ. ಸಂಡೂರು, ಬಾಬಾಬುಡನ್‌ಗಿರಿ ಇರುವ ನಾಡಿನಲ್ಲಿ ಭಾರದ ಕಲ್ಲಿಗೆ ಕೊರತೆಯೇ? ಮೈತುಂಬ ಗುಳ್ಳೆ ತೂತು ಇದ್ದರೆ ಕಿಟ್ಟ ಇರಬಹುದು. ಟೈಲ್ಸಿನ ಒರಟು ಹಿಂಬದಿಗೆ ಒಂದು ಮೂಲೆ ಎಳೆದು ನೋಡಿ. ಕೆಂಪು ಗೆರೆ ಬಂದರೆ ಬಹುಶಃ ಹೆಮಟೈಟ್. ಬಲವಾದ ಅಯಸ್ಕಾಂತ ಮಾತ್ರ ತಾಗಿಸಬೇಡಿ. ನಿಜವಾದ ಉಲ್ಕೆಯಾಗಿದ್ದರೆ ಅದರೊಳಗಿನ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದೆ.

ಹಾಗಂತ ನಮ್ಮ ಕಡೆ ಬೀಳುವುದೇ ಇಲ್ಲ ಎಂದಲ್ಲ. 1866ರಲ್ಲಿ ಉಡುಪಿಯಲ್ಲಿ ಬಿದ್ದ ಕಲ್ಲು ಆ ಊರಿನ ಹೆಸರಲ್ಲೇ ದಾಖಲಾಗಿದೆ. ದೇಶದಲ್ಲಿ ಉಲ್ಕಾಶಿಲೆಗಳ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಮಾರುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ, ಅದು ನನ್ನ ಕ್ಷೇತ್ರವಲ್ಲ. "ಸ್ಕ್ಯಾನಿಂಗ್ ಮಾಡಿಸ್ತೀನಿ, ಮುಂಗಡ ಕೊಡಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಕ್ಕಿ ಕಾಳು ಸೆಳೆಯುವ ಪವಾಡದ ಪಾತ್ರೆ ಎಂದು ನಂಬಿಸುವ "ರೈಸ್ ಪುಲ್ಲರ್" ಮೋಸದಲ್ಲಿ ಮನೆ ಕಳೆದುಕೊಂಡವರು ಸಾಲದೇ?

ಮಲೆನಾಡಿನ ಮೂವರು ಅಣ್ಣತಮ್ಮಂದಿರು ಆಸ್ತಿ ಪಾಲಾಗುವಾಗ, ಆಕಾಶದಿಂದ ಬಿದ್ದದ್ದನ್ನು ಅಪ್ಪ ಕಂಡಿದ್ದರು ಎಂದು ಇಟ್ಟುಕೊಂಡಿದ್ದ ಕಲ್ಲನ್ನೂ ಪಾಲು ಮಾಡಿದ್ದರು, ಮಾರ್ಬಲ್ ಕಟರಿನಲ್ಲಿ. ಅದಕ್ಕೂ ಮೊದಲು ಮೇಲಿನ ಕಪ್ಪನ್ನು ಮಸಿ ಅಂದುಕೊಂಡು ತಂತಿ ಬ್ರಷ್ಷಿನಲ್ಲಿ ತಿಕ್ಕಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ಉಲ್ಕೆ ಉರಿದು ಬರುವಾಗ ಮೈ ಕರಗಿ ಆಗುವ ತೆಳು ಸಿಪ್ಪೆಯೇ ಅದರ ದೊಡ್ಡ ಗುರುತು. ಪರೀಕ್ಷೆ ಮಾಡಿದಾಗ ಅವರದ್ದು ಕಬ್ಬಿಣದ ಅದಿರು ಅಂತಾಯಿತು.

ಜೊತೆಗೆ ಬಂದಿದ್ದ ಅವರ ತಾಯಿ ಮೆಲ್ಲಗೆ ಕೇಳಿದರು. "ಹಾಗಾದ್ರೆ ನಮ್ಮನೆಯವ್ರು ಕಂಡಿದ್ದು ಸುಳ್ಳಾ, ಮಗಾ?"

ಇಲ್ಲ ಅಜ್ಜಿ ಅಂದೆ. ಬೆಂಕಿಯುಂಡೆಯನ್ನು ಅವರು ಕಂಡೇ ಇರಬಹುದು. ಅದು ಸಾಮಾನ್ಯವಾಗಿ ಹತ್ತಾರು ಕಿಲೋಮೀಟರ್ ಮೇಲೆಯೇ ಆರಿಹೋಗುತ್ತದೆ. ನೋಡಿದವರಿಗೆ ಮಾತ್ರ ತೋಟದಾಚೆಯೇ ಬಿದ್ದ ಹಾಗೆ ಕಾಣುತ್ತದೆ. ಬೆಳಿಗ್ಗೆ ಹುಡುಕಿದಾಗ ಈ ಕಪ್ಪು ಕಲ್ಲು ಕಣ್ಣಿಗೆ ಬಿದ್ದಿರಬೇಕು. ಅವತ್ತು ಯಾವ ದಿಕ್ಕಿನಿಂದ ಬಂತು, ಶಬ್ದ ಆಯ್ತಾ ಅಂತ ಕೇಳುತ್ತಾ ಹೋದೆ. ಕೊಟ್ಟಿಗೆಯಲ್ಲಿ ದನಗಳೆಲ್ಲ ಒಟ್ಟಿಗೆ ಎದ್ದು ನಿಂತಿದ್ದವಂತೆ. ಅದನ್ನೂ ಬರೆದುಕೊಂಡೆ.