ಮುನ್ನಡೆಯ ಲೆಕ್ಕ ಬಲ್ಲ ಬ್ಯಾಟರ್

ತರಬೇತಿಗೆ ಬರುವ ಹುಡುಗರ ಅಪ್ಪ-ಅಮ್ಮಂದಿರು ಹೆಚ್ಚಾಗಿ ಕೇಳುವುದು ಒಂದೇ: 'ಸಾರ್, ಇಂಡಿಯಾಗೆ ಆಡ್ತಾನಾ?' ರಾಜ್ಯ ತಂಡದ ಪರ ರಣಜಿ ಟ್ರೋಫಿ ಆಡುವುದೂ ಒಂದು ತುಂಬು ವೃತ್ತಿ ಅನ್ನುವುದು ಅವರಿಗೆ ಹೊಳೆಯುವುದೇ ಇಲ್ಲ. ಆಗ ನಾನು ಮುಂಬೈ ಬ್ಯಾಟರ್ ಅಮೋಲ್ ಮುಜುಂದಾರ್ ಅವರ ಹೆಸರು ಹೇಳುತ್ತೇನೆ. 171 ಪ್ರಥಮ ದರ್ಜೆ ಪಂದ್ಯ, 11,167 ರನ್, 30 ಶತಕ. ಭಾರತದ ಪರ ಒಂದು ಪಂದ್ಯವೂ ಇಲ್ಲ.

1993-94ರಲ್ಲಿ ಹರಿಯಾಣ ವಿರುದ್ಧ ಫರಿದಾಬಾದಿನಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಅವರು 260 ಹೊಡೆದರು. ಪದಾರ್ಪಣೆಯಲ್ಲಿ ಅತಿ ಹೆಚ್ಚು ರನ್‌ನ ಆ ದಾಖಲೆ 2018ರವರೆಗೂ ಉಳಿಯಿತು. ಆದರೆ 1996ರಲ್ಲಿ ನಮ್ಮ ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಮೂವರೂ ಟೆಸ್ಟ್ ತಂಡಕ್ಕೆ ಬಂದರು. ಸಚಿನ್ ಮೊದಲೇ ಇದ್ದರು. ಮಧ್ಯಮ ಕ್ರಮಾಂಕದಲ್ಲಿ ಇನ್ನೆಲ್ಲಿ ಜಾಗ? ಆದರೆ ಈ ಕಥೆ ಹೇಳಿ ಸುಮ್ನೆ ಮರುಗುವುದು ಅವರ ಕಸುಬಿಗೆ ಮಾಡುವ ಅನ್ಯಾಯ.

ರಣಜಿ ನಾಯಕನ ತಲೆಯಲ್ಲಿ ಸದಾ ಓಡುವುದು ಮೊದಲ ಇನಿಂಗ್ಸ್ ಮುನ್ನಡೆ, ಅಂದರೆ ಮೊದಲ ಸರದಿಯಲ್ಲಿ ಎದುರಾಳಿಗಿಂತ ಹೆಚ್ಚು ರನ್ ಮಾಡುವುದು. ಲೀಗ್ ಪಂದ್ಯ ಡ್ರಾ ಆದರೆ ಮುನ್ನಡೆ ಪಡೆದವರಿಗೆ 3 ಅಂಕ, ಇನ್ನೊಬ್ಬರಿಗೆ 1. ನಾಕೌಟ್‌ನಲ್ಲಿ ಡ್ರಾ ಆದರಂತೂ ಅದೇ ಗೆಲುವು. 1981-82ರ ಫೈನಲ್ ನೆನಪಿದೆ ಅಲ್ವಾ? ಕರ್ನಾಟಕ 705 ಹೊಡೆದರೂ ಕಪ್ ಕೈತಪ್ಪಿತು. ದೆಹಲಿ 8 ವಿಕೆಟ್‌ಗೆ 707 ಮಾಡಿತು!

ಎದುರಾಳಿಯ 300ಕ್ಕೆ ಉತ್ತರವಾಗಿ ನೀವು 7 ವಿಕೆಟ್‌ಗೆ 240 ಮಾಡಿದ್ದೀರಿ ಅಂದುಕೊಳ್ಳಿ. 76ನೇ ಓವರ್. 80 ಮುಗಿದರೆ ಹೊಸ ಚೆಂಡು ಬರುತ್ತದೆ, ಆಮೇಲೆ ಬಾಲಂಗೋಚಿಗಳು, ಅಂದರೆ ಕೊನೆಗೆ ಬರುವ ಬೌಲರ್‌ಗಳು, ನಿಲ್ಲುವುದು ಕಷ್ಟ. ಹಾಗಾಗಿ ಹಳೇ ಚೆಂಡು ಇರುವಷ್ಟು ಹೊತ್ತು ಆದಷ್ಟು ರನ್ ಎತ್ತಬೇಕು. ಬಾಲಂಗೋಚಿಯೇ ಎಸೆತ ಎದುರಿಸಲಿ ಅಂತ ಎದುರಾಳಿ ನಾಯಕ, ನೆಲೆನಿಂತ ಬ್ಯಾಟರ್ ಆದ ನಿಮಗೆ ಫೀಲ್ಡರ್‌ಗಳನ್ನು ಬೌಂಡರಿಗೆ ಕಳಿಸಿ ಒಂದು ರನ್ ಬಿಟ್ಟುಕೊಡುತ್ತಾನೆ, ಓವರ್‌ನ ಕೊನೆಯ ಎರಡು ಎಸೆತಕ್ಕೆ ಎಲ್ಲರನ್ನೂ ಹತ್ತಿರ ಕರೆಯುತ್ತಾನೆ. ಆಗ ಆ ಒಂದು ರನ್ ಕದ್ದು ಸ್ಟ್ರೈಕ್ ಉಳಿಸಿಕೊಳ್ಳಬೇಕು, ಅಂದರೆ ಮುಂದಿನ ಓವರನ್ನೂ ನೀವೇ ಎದುರಿಸಬೇಕು. ಹೀಗೆ ತೆಗೆದ 60 ರನ್, ಬ್ಯಾಟಿಂಗ್‌ಗೆ ಸಲೀಸಾದ ಸಪಾಟು ಪಿಚ್‌ನ 150ಕ್ಕಿಂತ ಜಾಸ್ತಿ ಬೆಲೆಯದು. ಆಯ್ಕೆಗಾರರ ಪಟ್ಟಿಯಲ್ಲಿ ಮಾತ್ರ ಅದು ಬರೀ 60.

2006-07ರಲ್ಲಿ ಮುಜುಂದಾರ್ ನಾಯಕತ್ವದ ಮುಂಬೈ ಋತುವಿನ ಆರಂಭದಲ್ಲೇ ಎಡವಿತ್ತು. ಹೇಗೋ ಚೇತರಿಸಿಕೊಂಡು ಸೆಮಿಫೈನಲ್‌ಗೆ ಬಂತು. ಅಲ್ಲಿ ಬರೋಡಾ ಎದುರು ಎರಡನೇ ಇನಿಂಗ್ಸ್‌ನಲ್ಲಿ ಒಂದೂ ರನ್ ಆಗುವ ಮೊದಲೇ ಐದು ವಿಕೆಟ್ ಬಿತ್ತು. ಆಮೇಲೆ 145ರವರೆಗೆ ಎಳೆದರು, 63 ರನ್‌ಗಳಿಂದ ಗೆದ್ದರು. ಎಲ್ಲರೂ ಕೆಳ ಕ್ರಮಾಂಕದವರ ಸಾಹಸ ನೆನೆಯುತ್ತಾರೆ. ನಾನು ಹುಡುಗರಿಗೆ ತೋರಿಸುವುದು ಮೊದಲ ಇನಿಂಗ್ಸ್‌ನ 95 ರನ್ ಮುನ್ನಡೆಯನ್ನು. ಅದಿಲ್ಲದಿದ್ದರೆ 145 ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಫೈನಲ್‌ನಲ್ಲಿ ಬಂಗಾಳವನ್ನೂ ಸೋಲಿಸಿ ಕಪ್ ಎತ್ತಿದರು.

ಆಮೇಲೆ ಅವರು ಅಸ್ಸಾಂ, ಆಂಧ್ರ ತಂಡಗಳಿಗೆ ಆಡಿ 2014ರಲ್ಲಿ ನಿವೃತ್ತರಾದರು. ಇಂಥ ತಂಡಗಳು ಹೊರಗಿನ ಹಿರಿಯರನ್ನು ಕರೆಸುವುದು ಬರೀ ರನ್‌ಗಲ್ಲ. ಯಾವಾಗ ಕಾಯಬೇಕು, ಯಾವಾಗ ಬೀಸಬೇಕು ಅಂತ ಇನ್ನೊಂದು ತುದಿಯಲ್ಲಿ ನಿಂತು ಹೇಳಿಕೊಡುವವರು ಬೇಕಿರುತ್ತಾರೆ. 2023ರಲ್ಲಿ ಮುಜುಂದಾರ್ ಭಾರತದ ಮಹಿಳಾ ತಂಡದ ಕೋಚ್ ಆದರು, 2025ರಲ್ಲಿ ಆ ತಂಡ ವಿಶ್ವಕಪ್ ಗೆದ್ದಿತು. ಇಂಥ ಅನುಭವಿಗಳನ್ನು ನಮ್ಮ ರಾಜ್ಯ ಸಂಸ್ಥೆಗಳು ನಿವೃತ್ತಿಯ ಮರುವರ್ಷವೇ 16, 19 ವರ್ಷದೊಳಗಿನವರ ತಂಡಗಳಿಗೆ ಕರೆತರಬೇಕು ಅನ್ನುವುದು ನನ್ನ ಕಳಕಳಿ.