ಇಳಿಜಾರಿನ ಲೆಕ್ಕ, ಬಿಸಿಲಿನ ಲೆಕ್ಕ

ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಈಗ ಹಲವು ಕಟ್ಟಡಗಳ ಮೆಟ್ಟಿಲ ಪಕ್ಕ ರ‍್ಯಾಂಪ್ ಕಾಣುತ್ತದೆ. ಸಂತೋಷ. ಆದರೆ ಗಾಲಿಕುರ್ಚಿಯಲ್ಲಿ ಬಂದವರು ಯಾರ ನೆರವೂ ಇಲ್ಲದೆ ಅದನ್ನು ಹತ್ತಬಲ್ಲರೇ?

ಮೂರು ಮೆಟ್ಟಿಲಿನ ಎತ್ತರ ಸುಮಾರು 45 ಸೆಂಟಿಮೀಟರ್ ಎಂದುಕೊಳ್ಳೋಣ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಎಂಬುದು ಹಲವೆಡೆ ಒಪ್ಪಿತವಾದ ಅಳತೆ. ಅದರಂತೆ ಇಲ್ಲಿ 5.4 ಮೀಟರ್ ಉದ್ದದ ಇಳಿಜಾರು ಬೇಕು. ಕುರ್ಚಿಯೂ ಸೇರಿ 84 ಕಿಲೋ ತೂಕವಿದ್ದರೆ, ಅದನ್ನು ಕೆಳಕ್ಕೆಳೆಯುವ ಬಲ ಅಲ್ಲಿ ಸುಮಾರು 7 ಕಿಲೋ ಭಾರದಷ್ಟು. ಜಾಗವಿಲ್ಲವೆಂದು 1.8 ಮೀಟರ್‌ಗೆ ಮುಗಿಸಿದರೆ ಅದೇ ಬಲ 20 ಕಿಲೋ ಭಾರದಷ್ಟಾಗುತ್ತದೆ. ಹತ್ತುವವರ ಕೈಗಳು ಪ್ರತಿ ಕ್ಷಣವೂ ಅದಕ್ಕೆ ಎದುರಾಗಿ ತಳ್ಳಬೇಕು. ಸಾಲದ್ದಕ್ಕೆ, ಕಡಿದಾದ ಏರಿನಲ್ಲಿ ದೇಹದ ಭಾರ ಹಿಂದಿನ ಗಾಲಿಗಳ ಆಚೆಗೆ ಸರಿದು ಕುರ್ಚಿ ಹಿಮ್ಮುಖವಾಗಿ ಮಗುಚುವ ಅಪಾಯವಿದೆ. ಅಂಥ ರ‍್ಯಾಂಪ್ ಇಲ್ಲದಿರುವುದೇ ವಾಸಿ ಎನ್ನುತ್ತೇನೆ ನಾನು.

ನಮ್ಮ ಸೀಮೆಗೆ ಇನ್ನೊಂದು ಲೆಕ್ಕವೂ ಇದೆ, ಬಿಸಿಲಿನದು. ಬೇಸಿಗೆಯಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಇಳಿಜಾರಿನ ಪಕ್ಕ ಹಿಡಿದುಕೊಳ್ಳಲು ಹಾಕಿದ ಸ್ಟೀಲ್ ಕಂಬಿ ನೇರ ಬಿಸಿಲಿಗೆ ಬಿದ್ದರೆ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಮರವೂ ಕಾಯುತ್ತದೆ, ನಿಜ. ಆದರೆ ಸ್ಟೇನ್‌ಲೆಸ್ ಸ್ಟೀಲ್ ಮರಕ್ಕಿಂತ ಸುಮಾರು ನೂರು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಹಿಡಿದ ಅಂಗೈಗೆ ಬಿಸಿ ಒಮ್ಮೆಲೇ ಹರಿದು ಬರುತ್ತದೆ. ಕಾಲಿನಲ್ಲಿ ಬಲವಿಲ್ಲದವರು ಆ ಕಂಬಿಯನ್ನು ಬಿಟ್ಟು ನಿಲ್ಲುವುದಾದರೂ ಹೇಗೆ? ಮೇಲೊಂದು ನೆರಳಿನ ಚಾವಣಿ, ಕಂಬಿಗೆ ಪ್ಲಾಸ್ಟಿಕ್ ಅಥವಾ ಮರದ ಹೊದಿಕೆ ಇದ್ದರೆ ಸಾಕು. ಕುಷ್ಟಗಿ ಕಡೆಯ ಗ್ರಾನೈಟ್ ನೋಡಲು ಚೆಂದ. ರ‍್ಯಾಂಪಿಗೆ ಹಾಸುವುದಾದರೆ ಪಾಲಿಶ್ ಮಾಡದೆ ಒರಟಾಗಿಯೇ ಇಡಬೇಕು, ಪಾಲಿಶ್ ಮಾಡಿದ್ದು ಮಳೆಗೆ ಜಾರುತ್ತದೆ.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದರಡಿಯ ಸುಗಮ್ಯತೆಯ ನಿಯಮಗಳು ಬರೀ ಶಿಫಾರಸಿನಂತಿವೆ, ಕಡ್ಡಾಯದ ಮಾನದಂಡ ರೂಪಿಸಿ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಆದರೆ ಆ 5.4 ಮೀಟರ್ ಜಾಗ ಉಳಿಯುವುದು ಅಥವಾ ಕಳೆದುಹೋಗುವುದು ನಕ್ಷೆ ಬರೆಯುವವರ ಮೇಜಿನ ಮೇಲೆ. ಪಾಯ ತೋಡಿದ ಮೇಲೆ ಅದನ್ನು ಹುಡುಕಿದರೆ ಸಿಗುವುದಿಲ್ಲ. ನಕ್ಷೆಗೆ ಸಹಿ ಬೀಳುವ ಮೊದಲೇ ಊರಿನ ಗಾಲಿಕುರ್ಚಿ ಬಳಕೆದಾರರೊಬ್ಬರನ್ನು ಕರೆದು ತೋರಿಸುವುದು ಎಂಜಿನಿಯರರ ಕೆಲಸದ ಭಾಗವೇ ಆಗಬೇಕು.